ಒಂದು ಸೂಜಿ, ಎರಡು ಕೆಲಸ

ಹಾರಿಹೋದ ಪ್ರೊಪೆಲ್ಲರ್‌ಗೂ ನಮ್ಮ ಸೋದರಮಾವನ ಮೊಣಕಾಲಿಗೂ ಮಧ್ಯೆ ಇದ್ದದ್ದು ಒಂದು ಗೇಣು ಅಷ್ಟೇ. ಅದು ಅವರ ಕುರ್ಚಿ ಪಕ್ಕದಿಂದ ಸುಯ್ ಅಂತ ಹೋಗಿ ಹಿತ್ತಲ ಗೋಡೆಗೆ ಬಡಿದು ಎರಡು ತುಂಡಾಯಿತು. ಎಂಜಿನ್ ನಿಂತುಹೋಗಿತ್ತು. ಮಾವ ಮಾತ್ರ ಕದಲಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟು, "ಎರಡನೇ ನಟ್ ಎಲ್ಲೋ?" ಅಂದರು.

ಎರಡನೇ ನಟ್ ನನ್ನ ಜೇಬಿನಲ್ಲಿತ್ತು. ಡಬ್ಬಿಯಲ್ಲಿ ಎರಡು ನಟ್ ಇದ್ದವು. ಒಂದನ್ನು ಹಾಕಿ ಬಿಗಿ ಮಾಡಿದ್ದೆ, ಇನ್ನೊಂದು ಸ್ಪೇರ್ ಇರಬೇಕು ಅಂದುಕೊಂಡಿದ್ದೆ.

ಈ ಎಂಜಿನ್ ಕಥೆ ಸ್ವಲ್ಪ ಹೇಳಬೇಕು. ಮಾವ ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಏರ್ ವಿಂಗ್ ಕೆಡೆಟ್. ಅಲ್ಲಿ ಹತ್ತಿದ ಏರೋಮಾಡೆಲಿಂಗ್ ಹುಚ್ಚು ಬಿಡಲೇ ಇಲ್ಲ. ಬಾಲ್ಸಾ ಕಟ್ಟಿಗೆ ಕೊಯ್ದು, ಅಂಟಿಸಿ, ಕಾಗದ ಹೊದಿಸಿ ಮಾಡಿದ ವಿಮಾನಗಳು ಮೈಸೂರಿನ ಆ ಮನೆಯ ಅಟ್ಟದಲ್ಲಿ ಈಗಲೂ ಇವೆ. ಎಂಬತ್ತರ ದಶಕದಲ್ಲಿ ಅವರ ಸ್ನೇಹಿತರೊಬ್ಬರು ವಿದೇಶದಿಂದ ಬರುವಾಗ ಜಪಾನಿನ ಒಂದು 10 ಸಿಸಿ ಫೋರ್-ಸ್ಟ್ರೋಕ್ ಎಂಜಿನ್ ತಂದುಕೊಟ್ಟಿದ್ದರು. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ವಾಲ್ವ್ ಒತ್ತುವ ರಾಕರ್‌ಗಳು, ಪುಶ್‌ರಾಡ್‌ಗಳು ಎಲ್ಲ ಹೊರಗಡೆಯೇ ಕಾಣುತ್ತವೆ. ಕೈಯಲ್ಲಿ ತಿರುಗಿಸಿದರೆ ಮಿಡತೆ ಕಾಲಾಡಿಸಿದ ಹಾಗೆ ಆಡುತ್ತವೆ. ಈಗ ಮಾವನ ಕೈ ನಡುಗುತ್ತೆ. ಹೋದ ವರ್ಷ ಡಬ್ಬಿ ನನ್ನ ಕೈಗಿಟ್ಟು, "ನೀನು ಸ್ಟಾರ್ಟ್ ಮಾಡು, ನಾನು ಕೇಳಿಸ್ಕೋತೀನಿ" ಅಂದರು. ಅವರು ಕೇಳಿಸಿಕೊಳ್ಳುತ್ತಾ ಕೂತಿದ್ದಾಗಲೇ ಈ ಅವಾಂತರ ಆಗಿದ್ದು.

ನಾನು ಮಾಡಿದ ತಪ್ಪು ನಟ್ ಒಂದೇ ಅಲ್ಲ. ಆರ್‌ಪಿಎಂ ಅಳೆಯುವ ಟ್ಯಾಕೋಮೀಟರ್ ಹಿಡಿದು, ಕಾರ್ಬ್ಯುರೇಟರಿನ ಸೂಜಿಯನ್ನು (ನೀಡಲ್ ಅಂತೀವಲ್ಲ, ಅದು) ಕ್ಲಿಕ್ ಕ್ಲಿಕ್ ಅಂತ ಒಳಗೆ ತಿರುಗಿಸುತ್ತಾ ಹೋದೆ. ಒಳಗೆ ತಿರುಗಿಸಿದಷ್ಟೂ ಇಂಧನ ಕಮ್ಮಿ, ಮಿಶ್ರಣ ಲೀನ್. ಆರ್‌ಪಿಎಂ ಏರುತ್ತಾ ಇತ್ತು. ಇನ್ನೊಂದು ಕ್ಲಿಕ್, ಇನ್ನೊಂದು ಕ್ಲಿಕ್. ಆಮೇಲೆ ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಣ್ ಅಂತು, ಅಷ್ಟೇ.

ಸಂಜೆ ಮಾವ ಎಂಜಿನ್ನನ್ನು ಟವೆಲ್ ಮೇಲಿಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು: "ಇದರಲ್ಲಿ ಟೈಮಿಂಗ್ ಸ್ಕ್ರೂ ಎಲ್ಲಿದೆ ತೋರಿಸು."

ಹುಡುಕಿದೆ. ಇರಲಿಲ್ಲ. ಯಾಕಿಲ್ಲ ಅಂತ ತಿಳಿಯೋಕೆ ಹೊರಟವನಿಗೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

1876ರಲ್ಲಿ ಜರ್ಮನಿಯ ಕಲೋನ್ ಪಕ್ಕದ ಡಾಯ್ಟ್ಸ್‌ನಲ್ಲಿ ನಿಕೊಲಾಸ್ ಒಟ್ಟೊ ತನ್ನ ಫೋರ್-ಸ್ಟ್ರೋಕ್ ಎಂಜಿನ್ ಓಡಿಸಿದ. ಎಳೆ, ಒತ್ತು, ಉರಿ, ಊದು: ನಾಲ್ಕು ಹೆಜ್ಜೆ, ಎರಡು ಸುತ್ತು, ಒಂದು ಸಲ ಶಕ್ತಿ. ಈ ತತ್ವವನ್ನು ಫ್ರಾನ್ಸಿನ ಬೋ ದ ರೋಶಾ 1862ರಲ್ಲೇ ಬರೆದಿಟ್ಟಿದ್ದ. ಅದರಿಂದಾಗಿ 1886ರಲ್ಲಿ ಒಟ್ಟೊನ ಪೇಟೆಂಟ್ ಬಿದ್ದುಹೋಯಿತು. ಆದರೆ ಕೆಲಸ ಮಾಡುವ ಎಂಜಿನ್ ಮಾಡಿ ತೋರಿಸಿದ್ದು ಒಟ್ಟೊ.

ಬೆಂಕಿ ಹೊತ್ತಿಸೋದು ಹೇಗೆ? ಒಟ್ಟೊ ಪಕ್ಕದಲ್ಲಿ ಒಂದು ದೀಪ ಉರಿಸಿಟ್ಟಿದ್ದ. ಜಾರುವ ಬಾಗಿಲೊಂದು ಸರಿಯಾದ ಹೊತ್ತಿಗೆ ತೆರೆದು ಆ ಜ್ವಾಲೆಯನ್ನು ಒಳಗೆ ಒಯ್ಯುತ್ತಿತ್ತು. ನಿಧಾನವಾದ ಎಂಜಿನ್ನಿಗೆ ಅದು ಸಾಕು. ಅವನ ಹತ್ತಿರ ಕೆಲಸ ಮಾಡಿ ಹೊರಬಂದ ಡೈಮ್ಲರ್ ಮತ್ತು ಮೇಬಾಖ್‌ಗೆ ವೇಗ ಬೇಕಾಗಿತ್ತು. ಅವರು 1880ರ ದಶಕದಲ್ಲಿ ಒಂದು ಪುಟ್ಟ ಕೊಳವೆಯನ್ನು ಹೊರಗಿನಿಂದ ಬರ್ನರ್ ಇಟ್ಟು ಕೆಂಪಗೆ ಕಾಯಿಸಿದರು. ಪಿಸ್ಟನ್ ಒತ್ತಿದಾಗ ಮಿಶ್ರಣ ಆ ಕಾದ ಕೊಳವೆಯೊಳಗೆ ನುಗ್ಗಿ ತಾನೇ ಹೊತ್ತಿಕೊಳ್ಳುತ್ತೆ. ಸರಳ. ಆದರೆ ಯಾವಾಗ ಹೊತ್ತಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ. ಕೊಳವೆ ಎಷ್ಟು ಕಾದಿದೆ, ಮಿಶ್ರಣ ಹೇಗಿದೆ ಅನ್ನೋದರ ಮೇಲೆ ಅದು ನಿಂತಿದೆ.

ಈ ತಾಪತ್ರಯ ಬೇಡ ಅಂತಲೇ ಮೋಟಾರು ಲೋಕ ಕಿಡಿಯ ಕಡೆಗೆ ಹೋಯಿತು. 1902ರಲ್ಲಿ ರಾಬರ್ಟ್ ಬಾಷ್ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಹೈ-ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ಮಾಡಿದ. ಹಳೇ ಕಾರುಗಳ ಸ್ಟಿಯರಿಂಗ್ ಮೇಲೆ ಟೈಮಿಂಗ್ ಹಿಂದೆ ಮುಂದೆ ಮಾಡೋಕೆ ಒಂದು ಸಣ್ಣ ಲಿವರ್ ಇರುತ್ತಿತ್ತು. ಬೆಂಕಿಯ ಹೊತ್ತು ಮನುಷ್ಯನ ಕೈಗೆ ಬಂದಿತ್ತು.

ಮಾಡೆಲ್ ವಿಮಾನಗಳೂ ಮೊದಲು ಇದೇ ದಾರಿ ಹಿಡಿದವು. 1930ರ ದಶಕದ ಅಮೆರಿಕದಲ್ಲಿ ಹೆಸರು ಮಾಡಿದ ಬ್ರೌನ್ ಜೂನಿಯರ್ ಎಂಜಿನ್ ಸುಮಾರು 10 ಸಿಸಿ, ಟೂ-ಸ್ಟ್ರೋಕ್, ಸ್ಪಾರ್ಕ್ ಪ್ಲಗ್ಗಿನದು. ಚೆನ್ನಾಗೇ ಓಡುತ್ತಿತ್ತು. ತೊಂದರೆ ಏನಪ್ಪಾ ಅಂದರೆ ಭಾರ. ಕಿಡಿ ಬೇಕು ಅಂದರೆ ಕಾಯಿಲ್ ಬೇಕು, ಕಂಡೆನ್ಸರ್ ಬೇಕು, ಬ್ಯಾಟರಿ ಬೇಕು, ವೈರು ಬೇಕು. ಅಂಗೈ ಅಗಲದ ವಿಮಾನ ಮಾಡಿ ಅದರ ಮೇಲೆ ಇಷ್ಟು ಸಂಸಾರ ಹೊರಿಸೋಕಾಗುತ್ತಾ?

1947ರಲ್ಲಿ ರೇ ಆರ್ಡನ್ ಎಂಬ ಅಮೆರಿಕನ್ ಆ ಸಂಸಾರವನ್ನೆಲ್ಲ ಕಿತ್ತು ಬಿಸಾಕಿ ಮಾರುಕಟ್ಟೆಗೆ ಗ್ಲೋ ಪ್ಲಗ್ ತಂದ. ಪ್ಲಗ್ಗಿನೊಳಗೆ ಪ್ಲಾಟಿನಂ ಬೆರಕೆಯ ತಂತಿಯ ಪುಟ್ಟ ಸುರುಳಿ. ಒಂದೂವರೆ ವೋಲ್ಟಿನ ಬ್ಯಾಟರಿ ತಾಗಿಸಿದರೆ ಕೆಂಪಗಾಗುತ್ತೆ. ಎಂಜಿನ್ ಹೊತ್ತಿಕೊಂಡ ಮೇಲೆ ಬ್ಯಾಟರಿ ತೆಗೆದುಬಿಡಿ, ಸುರುಳಿ ಕೆಂಪಗೇ ಇರುತ್ತೆ! ಒತ್ತಡದ ಶಾಖ, ಹಿಂದಿನ ಉರಿಯ ಶಾಖ, ಜೊತೆಗೆ ಪ್ಲಾಟಿನಂ ಮೆಥನಾಲ್ ಸೋಕಿದಾಗ ಆಗುವ ರಾಸಾಯನಿಕ ಕ್ರಿಯೆ, ಈ ಮೂರೂ ಸೇರಿ ಅದನ್ನು ಕಾಯಿಸುತ್ತಲೇ ಇರುತ್ತವೆ. ಮೂಲದಲ್ಲಿ ಇದು ಹೊಸ ಸಂಗತಿಯೇನಲ್ಲ. ಗಣಿ ಕಾರ್ಮಿಕರ ದೀಪದ ಮೇಲೆ ಕೆಲಸ ಮಾಡುತ್ತಿದ್ದ ಹಂಫ್ರಿ ಡೇವಿ, ಬಿಸಿ ಪ್ಲಾಟಿನಂ ತಂತಿ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಜ್ವಾಲೆಯೇ ಇಲ್ಲದೆ ಕೆಂಪಗೆ ಉಳಿಯೋದನ್ನು 1817ರಲ್ಲೇ ವರದಿ ಮಾಡಿದ್ದ.

ಇಲ್ಲೊಂದು ವಿಚಿತ್ರ ಗಮನಿಸಿ. ದೊಡ್ಡ ಎಂಜಿನ್‌ಗಳು ಕಾದ ಕೊಳವೆ ಬಿಟ್ಟು ಕಿಡಿಗೆ ಹೋದವು. ಪುಟ್ಟ ಎಂಜಿನ್‌ಗಳು ಕಿಡಿ ಬಿಟ್ಟು ಮತ್ತೆ ಕಾದ ಲೋಹಕ್ಕೆ ವಾಪಸ್ ಬಂದವು. ಭಾರ ಇಳಿಯಿತು, ಬೆಲೆ ಇಳಿಯಿತು, ಹುಡುಗರ ಕೈಗೆ ಎಂಜಿನ್ ಸಿಕ್ಕಿತು. ಆದರೆ ಟೈಮಿಂಗ್ ಲಿವರ್ ಹೋಯಿತು. ಅದರ ಕೆಲಸ ಮಾತ್ರ ಹೋಗಲಿಲ್ಲ, ಸದ್ದಿಲ್ಲದೆ ಸೂಜಿಯ ಹೆಗಲೇರಿತು. ಮಿಶ್ರಣ ಲೀನ್ ಆದರೆ ಒಳಗೆ ಶಾಖ ಹೆಚ್ಚುತ್ತೆ, ತಂತಿ ಇನ್ನೂ ಕಾಯುತ್ತೆ, ಬೆಂಕಿ ಬೇಗ ಹೊತ್ತುತ್ತೆ. ಅಂದರೆ ಸೂಜಿ ತಿರುಗಿಸುವವನು ಗೊತ್ತಿಲ್ಲದೆಯೇ ಟೈಮಿಂಗ್ ಕೂಡ ತಿರುಗಿಸುತ್ತಿರುತ್ತಾನೆ.

ಟೂ-ಸ್ಟ್ರೋಕ್‌ನಲ್ಲಿ ಇದು ಹೇಗೋ ನಡೆದುಹೋಗುತ್ತೆ. ಮೈಸೂರಿನವರಿಗೆ ಟೂ-ಸ್ಟ್ರೋಕ್ ಬಗ್ಗೆ ಹೇಳಬೇಕಾಗಿಲ್ಲ, ನಮ್ಮೂರಲ್ಲೇ ಜಾವಾ, ಯೆಜ್ಡಿ ತಯಾರಾಗುತ್ತಿದ್ದವು. ಪ್ರತಿ ಸುತ್ತಿಗೂ ಒಂದು ಉರಿ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಮಾಡೆಲ್‌ಗಳಿಗೆ ಹೇಳಿ ಮಾಡಿಸಿದ್ದು. ಆದರೆ ಅದರ ಕಿರುಚಾಟ! 10 ಸಿಸಿ ಟೂ-ಸ್ಟ್ರೋಕ್ ಹನ್ನೆರಡು, ಹದಿಮೂರು ಸಾವಿರ ಆರ್‌ಪಿಎಂನಲ್ಲಿ ಕೂಗಿದರೆ ಸುತ್ತಲಿನವರಿಗೆ ತಲೆ ಚಿಟ್ಟು. ಊರುಗಳು ಬೆಳೆದು ಮೈದಾನದ ಪಕ್ಕಕ್ಕೇ ಮನೆಗಳು ಬಂದಂತೆ ಹಾರಾಟದವರಿಗೆ ಜಾಗ ಸಿಗೋದೇ ಕಷ್ಟವಾಯಿತು.

ಆಗ ಬಂದದ್ದು ಓ.ಎಸ್. ಎಫ್‌ಎಸ್-60. ಒಸಾಕಾದಲ್ಲಿ ಶಿಗೆಒ ಒಗಾವಾ 1936ರಲ್ಲಿ ಶುರುಮಾಡಿದ ಕಂಪನಿ 1976ರಲ್ಲಿ ಹೊರತಂದ 10 ಸಿಸಿ ಎಂಜಿನ್. ಒಬ್ಬೊಬ್ಬರು ಮನೆಯ ಲೇತ್ ಮೇಲೆ ಮಾಡಿಕೊಂಡದ್ದು, ಸಣ್ಣ ಸಂಖ್ಯೆಯಲ್ಲಿ ಮಾರಿದ್ದು ಅದಕ್ಕೂ ಮುಂಚೆ ಇದ್ದವು. ಆದರೆ ಅಂಗಡಿಗೆ ಹೋಗಿ ಯಾರು ಬೇಕಾದರೂ ಕೊಳ್ಳಬಹುದಾದ ಫೋರ್-ಸ್ಟ್ರೋಕ್ ಗ್ಲೋ ಎಂಜಿನ್ ಕಾಲ ಶುರುವಾದದ್ದು ಇದರಿಂದ. ಒಟ್ಟೊನ ಎಂಜಿನ್ನಿಗೆ ಸರಿಯಾಗಿ ನೂರು ವರ್ಷ! 1979ರಲ್ಲಿ ಸೈಟೊ ಬಂತು, ಎನ್ಯಾ ಬಂತು. ದೊಡ್ಡ ಪ್ರೊಪೆಲ್ಲರನ್ನು ಒಂಬತ್ತು, ಹತ್ತು ಸಾವಿರ ಆರ್‌ಪಿಎಂನಲ್ಲಿ ತಿರುಗಿಸುವ, ಬುಲೆಟ್ ಗಾಡಿಯ ತಮ್ಮನ ಹಾಗೆ ಗುಡುಗುಡು ಅನ್ನುವ ಸದ್ದು. ಎಂಬತ್ತರ ದಶಕದಲ್ಲಿ ಅಂತರರಾಷ್ಟ್ರೀಯ ಏರೋಬ್ಯಾಟಿಕ್ಸ್ ಸ್ಪರ್ಧೆಯ ನಿಯಮಗಳೂ ಟೂ-ಸ್ಟ್ರೋಕ್‌ಗೆ 10 ಸಿಸಿ ಮಿತಿ ಇಟ್ಟು ಫೋರ್-ಸ್ಟ್ರೋಕ್‌ಗೆ 20 ಸಿಸಿವರೆಗೆ ಅವಕಾಶ ಕೊಟ್ಟವು.

ಒಂದು ಮಾತು ಮಾತ್ರ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು: ಆರ್ಡನ್‌ನ ಕಾಲದಲ್ಲಿ ಮಾಡಿದ ಸಾಲ ಇಲ್ಲಿ ಬಡ್ಡಿ ಸಮೇತ ಕಟ್ಟಬೇಕು.

ಮೊದಲನೆಯದು ಪ್ಲಗ್. ಎರಡು ಸುತ್ತಿಗೊಮ್ಮೆ ಮಾತ್ರ ಉರಿ, ಮಧ್ಯೆ ಒಂದು ಇಡೀ ಸುತ್ತು ತಣ್ಣನೆ ಗಾಳಿ ಬಡಿಯುತ್ತಿರುತ್ತೆ. ಅಷ್ಟು ಹೊತ್ತು ಕೆಂಪು ಉಳಿಸಿಕೊಳ್ಳುವ ಪ್ಲಗ್ಗೇ ಬೇಕು, ಫೋರ್-ಸ್ಟ್ರೋಕ್‌ಗೆಂದೇ ಬೇರೆ ಪ್ಲಗ್ ಮಾಡುತ್ತಾರೆ. ಮಾಮೂಲಿ ಪ್ಲಗ್ ಹಾಕಿದರೆ ಐಡಲಿಂಗ್‌ನಲ್ಲಿ ಆರಿಹೋಗುತ್ತೆ.

ಎರಡನೆಯದು ಕಿವಿ ಮಾಡುವ ಮೋಸ. ಟೂ-ಸ್ಟ್ರೋಕ್‌ನಲ್ಲಿ ಇಂಧನ ಜಾಸ್ತಿಯಾದರೆ ಗೊರಗೊರ ಅನ್ನುತ್ತೆ, ಸೂಜಿ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಸ್ವರ ತಟ್ಟನೆ ತಿಳಿಯಾಗುತ್ತೆ. ಫೋರ್-ಸ್ಟ್ರೋಕ್ ಅಂಥ ಸೂಚನೆ ಕೊಡಲ್ಲ. ರಿಚ್ ಇದ್ದಾಗಲೂ ಹೆಚ್ಚುಕಮ್ಮಿ ಅದೇ ಗುಡುಗುಡು, ಲೀನ್ ಇದ್ದಾಗಲೂ ಅದೇ. ಅಂಚಿಗೆ ಬಂದದ್ದು ತಿಳಿಯೋದು ಅಂಚು ದಾಟಿದ ಮೇಲೆ. ನಾನು ಟೂ-ಸ್ಟ್ರೋಕ್ ಕಿವಿ ಇಟ್ಟುಕೊಂಡು ಹೋಗಿದ್ದೆ.

ಮೂರನೆಯದು ಅಂದು ನಮ್ಮ ಹಿತ್ತಲಲ್ಲಿ ಆದದ್ದು. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಬೆಂಕಿ ಹೊತ್ತಿ ಅದನ್ನು ಕೆಳಕ್ಕೆ ಗುದ್ದುತ್ತೆ. ಶಾಫ್ಟ್ ಗಕ್ಕನೆ ತಡೆಯುತ್ತೆ. ಭಾರದ ಪ್ರೊಪೆಲ್ಲರ್ ಮಾತ್ರ ತನ್ನ ಓಟದಲ್ಲೇ ಮುಂದಕ್ಕೆ ತಿರುಗುತ್ತೆ. ಎದುರಿನಿಂದ ನೋಡಿದರೆ ಅದು ತಿರುಗೋದು ಅಪ್ರದಕ್ಷಿಣವಾಗಿ, ನಟ್ ಬಿಚ್ಚೋದೂ ಅದೇ ದಿಕ್ಕಿನಲ್ಲಿ! ಹಾಗಾಗಿ ಪ್ರೊಪೆಲ್ಲರ್ ತನ್ನ ನಟ್ಟನ್ನು ತಾನೇ ಬಿಚ್ಚಿಕೊಂಡು ಹಾರುತ್ತೆ. ಎರಡನೇ ನಟ್ ಮೊದಲನೆಯದಕ್ಕೆ ಬೀಗ. ಸ್ಪೇರ್ ಅಲ್ಲ.

ಇಷ್ಟು ಗೊತ್ತಾದ ಮೇಲೆ ಮಾವನ ಪದ್ಧತಿ ಒಂದೊಂದೂ ಅರ್ಥವಾಗುತ್ತಾ ಹೋಯಿತು. ಮೊದಲು ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್. ಒತ್ತಡದ ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿದ್ದಾಗ, ರಾಕರ್ ಮತ್ತು ವಾಲ್ವ್ ನಡುವೆ 0.04ರಿಂದ 0.10 ಮಿಲಿಮೀಟರ್ ಸಂದು. ಅಂದರೆ ಹೆಚ್ಚೆಂದರೆ ಒಂದು ಹಾಳೆ ಕಾಗದದಷ್ಟು. ಕಾದ ಮೇಲೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಸಂದು ದೊಡ್ಡದಾಗುತ್ತೆ, ಅದಕ್ಕೇ ಬಿಸಿಯಲ್ಲಿ ಅಳೆಯಬಾರದು. ಆಮೇಲೆ ಟ್ಯಾಂಕ್. ಅದರ ನಡುಮಟ್ಟ ಕಾರ್ಬ್ಯುರೇಟರಿನ ಮಟ್ಟಕ್ಕೆ ಸಮ, ಇಲ್ಲಾಂದ್ರೆ ಒಂಚೂರು ಕೆಳಗೆ. ಇಂಧನ ತುಂಬಿಕೊಂಡುಬಿಟ್ಟಿದೆಯಾ ಅಂತ ಸ್ಟಾರ್ಟರ್ ಇಡುವ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಬೇಕು. ಬಿಗಿಯಾಗಿ ತಡೆದರೆ ಬಲವಂತ ಬೇಡ, ಪ್ಲಗ್ ಬಿಚ್ಚಿ ಖಾಲಿ ಮಾಡಬೇಕು. ಇಲ್ಲದಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಸ್ಟಾರ್ಟ್ ಆದ ಮೇಲೆ ಎಂಜಿನ್ನಿನ ಹಿಂದೆ ನಿಂತೇ ಸೂಜಿ ಮುಟ್ಟಬೇಕು. ಫುಲ್ ಥ್ರಾಟಲ್‌ನಲ್ಲಿ ಮೆಲ್ಲಗೆ ಗರಿಷ್ಠಕ್ಕೆ ಹತ್ತಿಸಿ, ಅಲ್ಲಿ ನಿಲ್ಲದೆ ಇನ್ನೂರು ಮುನ್ನೂರು ಆರ್‌ಪಿಎಂ ಬೀಳುವಷ್ಟು ಸೂಜಿ ಹೊರಕ್ಕೆ. ಆಮೇಲೆ ಮೂತಿ ಆಕಾಶಕ್ಕೆ ಎತ್ತಿ ಹಿಡಿದು ಕೇಳಬೇಕು. ಇಂಧನ ಮೇಲಕ್ಕೆ ಹತ್ತಬೇಕಾದಾಗ ಮಿಶ್ರಣ ತಾನಾಗೇ ಲೀನ್ ಆಗುತ್ತೆ, ಆಗಲೂ ಸ್ವರ ಕುಗ್ಗಬಾರದು. ಐಡಲಿಂಗ್ ಕೊನೆಗೆ. ಅರ್ಧ ನಿಮಿಷ ಸಣ್ಣಗೆ ಓಡಿಸಿ ತಟ್ಟನೆ ಥ್ರಾಟಲ್ ಕೊಟ್ಟಾಗ ಸುಮ್ಮನೆ ಸತ್ತರೆ ಲೀನ್, ಹೊಗೆ ಕಕ್ಕಿ ತಡವರಿಸಿದರೆ ರಿಚ್. ಎಲ್ಲ ಮುಗಿದ ಮೇಲೆ ಉಳಿದ ಇಂಧನ ಉರಿಸಿ, ಹಿಂದಿನ ಬ್ರೀದರ್ ನಳಿಕೆಯಿಂದ ನಾಲ್ಕು ತೊಟ್ಟು ಎಣ್ಣೆ. ಮೆಥನಾಲ್ ತೇವ ಹೀರುತ್ತೆ, ಬಿಟ್ಟರೆ ಬೇರಿಂಗಿಗೆ ತುಕ್ಕು.

"ಆ ಕೊನೆ ಇನ್ನೂರು ಆರ್‌ಪಿಎಂ ಇದೆಯಲ್ಲ, ಅದು ನಿಂದಲ್ಲ ಕಣೋ" ಅಂದರು ಮಾವ. "ಅದೇ ನಿನ್ನ ಟೈಮಿಂಗ್ ಸ್ಕ್ರೂ. ಅದನ್ನ ಅಲ್ಲೇ ಬಿಟ್ಟಿರಬೇಕು."

ಮುಂದಿನ ಭಾನುವಾರ ಹೊಸ ಪ್ರೊಪೆಲ್ಲರ್ ಹಾಕಿ ಎರಡೂ ನಟ್ ಬಿಗಿ ಮಾಡಿದೆ. ಮಾವನ ಕುರ್ಚಿಯನ್ನು ಈ ಸಲ ಎಂಜಿನ್ನಿನ ಹಿಂದೆ, ದೂರಕ್ಕೆ ಹಾಕಿಸಿದೆ. ಗೊಣಗಿದರು, ಕೂತರು. ಎರಡನೇ ಪ್ರಯತ್ನಕ್ಕೇ ಹೊತ್ತಿಕೊಂಡಿತು. ಗರಿಷ್ಠ ಮುಟ್ಟಿಸಿ ವಾಪಸ್ ತರುತ್ತಿದ್ದೆ. ಒಂದು, ಎರಡು, ಮೂರು ಕ್ಲಿಕ್. ತಿರುಗಿ ನೋಡಿದೆ. ಮಾವ ಕಣ್ಣು ಮುಚ್ಚಿಕೊಂಡಿದ್ದರು. ನಡುಗುವ ಕೈ ಎತ್ತಿ ಒಂದು ಬೆರಳು ತೋರಿಸಿದರು, ಇನ್ನೊಂದು ಅಂತ.

ಇನ್ನೊಂದು ಕ್ಲಿಕ್ ಹೊರಕ್ಕೆ ತಿರುಗಿಸಿದೆ. ಟ್ಯಾಂಕ್ ಖಾಲಿಯಾಗುವವರೆಗೂ ಅದು ಹಾಗೇ ಓಡಿತು.