ತೂಕದ ಪುಸ್ತಕದಲ್ಲಿರುವ ನಮ್ಮ ಜಿಲ್ಲೆಯ ಚರಿತ್ರೆ

ರಾಜರ ಚರಿತ್ರೆ ಶಾಸನಗಳಲ್ಲಿ ಸಿಗುತ್ತದೆ. ಬಡವರ ಮಕ್ಕಳ ಚರಿತ್ರೆ ಎಲ್ಲಿ ಸಿಗುತ್ತದೆ? ನಮ್ಮ ಜಿಲ್ಲೆಯಲ್ಲಿ ಅದು ಸಿಕ್ಕಿದ್ದು ಒಂದು ಆಸ್ಪತ್ರೆಯ ಹಳೆಯ ರಿಜಿಸ್ಟರುಗಳಲ್ಲಿ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದರೆ ಕೆಲವರಿಗೆ ಗೊತ್ತಾಗಲಿಕ್ಕಿಲ್ಲ. ಮಿಷನ್ ಆಸ್ಪತ್ರೆ ಎಂದರೆ ಹುಣಸೂರು, ಕೆ.ಆರ್. ನಗರ ಕಡೆಯ ಹಿರಿಯರಿಗೆಲ್ಲ ಗೊತ್ತು. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೂ ಬರೆದಿಟ್ಟಿದ್ದರು. ಬಸುರಿಯಲ್ಲಿ ತಾಯಿಯ ತೂಕ ಎಷ್ಟಿತ್ತು ಎಂಬುದನ್ನೂ ಬರೆದಿದ್ದರು.

ಅರವತ್ತು ವರ್ಷ ಕಳೆದ ಮೇಲೆ ಆ ಪುಸ್ತಕಗಳಿಗೆ ಬೆಲೆ ಬಂತು. ಕ್ಯಾರೊಲಿನ್ ಫಾಲ್, ಡೇವಿಡ್ ಬಾರ್ಕರ್ ಮುಂತಾದ ಇಂಗ್ಲೆಂಡಿನ ಸಂಶೋಧಕರು ಮೈಸೂರಿನ ವೈದ್ಯರ ಜೊತೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಹೃದಯದ ಕಾಯಿಲೆ ಇತ್ತು. ಆದರೆ ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದು, ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ತೂಕವಿದ್ದವರಲ್ಲಿ ಐದು ಜನರಿಗೆ ಒಬ್ಬರು ಹೃದ್ರೋಗಿಯಾಗಿದ್ದರು.

ಹೊಟ್ಟೆಯೊಳಗಿನ ಕೂಸಿಗೆ ಆಹಾರ ಸಾಲದಿದ್ದಾಗ ಮೈ ಮೊದಲು ಮಿದುಳನ್ನು ಕಾಯುತ್ತದೆ, ಉಳಿದ ಅಂಗಗಳಿಗೆ ಕಡಿಮೆ ಮಾಡುತ್ತದೆ ಎಂದು ಈ ವಿಜ್ಞಾನಿಗಳು ವಿವರಿಸುತ್ತಾರೆ. ಆ ಕೊರತೆ ನಲವತ್ತು, ಐವತ್ತರ ವಯಸ್ಸಿನಲ್ಲಿ ಕಾಣಿಸುತ್ತದೆ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅನ್ನುತ್ತೇವಲ್ಲ, ಮೈಯ ಲೆಕ್ಕ ಅದಕ್ಕೂ ಮೊದಲೇ ಶುರುವಾಗುತ್ತದೆ.

ಬರೆಯದೇ ಹೋದ ತೂಕ

ಅವರೆಲ್ಲ ಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿದವರು. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ ಆಗುತ್ತಿತ್ತು. ಕೂಸನ್ನು ತೂಗಲು ತಕ್ಕಡಿ ಇರಲಿಲ್ಲ, ಬರೆದಿಡಲು ಪುಸ್ತಕವೂ ಇರಲಿಲ್ಲ. ಎಷ್ಟು ಮಕ್ಕಳು ಸೊರಗಿದವು, ಎಷ್ಟು ತೀರಿಕೊಂಡವು ಎಂಬುದು ಮನೆಯವರ ನೆನಪಿನಲ್ಲಿ ಉಳಿದು, ಅವರ ಜೊತೆಗೇ ಮಣ್ಣಾಯಿತು.

ಸರ್ಕಾರ ಹಳ್ಳಿ ಮಕ್ಕಳನ್ನು ತೂಗಲು ವ್ಯವಸ್ಥೆ ಮಾಡಿದ್ದು 1975ರಲ್ಲಿ. ಆ ವರ್ಷದ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅಂಗನವಾಡಿ ಹುಟ್ಟಿದ್ದು ಹಾಗೆ. ಕರ್ನಾಟಕಕ್ಕೆ ಬಂದ ಮೊದಲ ಯೋಜನೆ ನಮ್ಮ ಜಿಲ್ಲೆಯ ತಿ. ನರಸೀಪುರದ್ದು.

ಒಂದೇ ಹೊಳೆ, ಎರಡು ಕಥೆ

ತಿ. ನರಸೀಪುರದಲ್ಲಿ ಕಾವೇರಿಗೆ ಸೇರುವ ಕಪಿಲೆ ಎಚ್.ಡಿ. ಕೋಟೆಯ ಕಾಡು ದಾಟಿ ಬರುತ್ತಾಳೆ. ಕೆಳಗೆ ಅಂಗನವಾಡಿ ಬಾಗಿಲು ತೆರೆಯುವ ಹಿಂದಿನ ವರ್ಷ, 1974ರಲ್ಲಿ, ಮೇಲೆ ಕಬಿನಿ ಅಣೆಕಟ್ಟು ಪೂರ್ತಿಯಾಯಿತು. ಹಳ್ಳಿಗಳೂ ಹಾಡಿಗಳೂ ಮುಳುಗಿದವು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಿತ್ತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತ್ತು. ಮುಂದೆ ನಾಗರಹೊಳೆಯೂ ರಾಷ್ಟ್ರೀಯ ಉದ್ಯಾನವಾಯಿತು. ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನ ಹೊರಗೆ ಬಂದರು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯ ಪ್ರಕಾರ ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳು 3,418.

ಇದನ್ನು ಜಮೀನಿನ ಪ್ರಶ್ನೆ ಎಂದಷ್ಟೇ ನೋಡಿದರೆ ಅರ್ಧ ಕಥೆ. ಇದು ಮಕ್ಕಳ ತಟ್ಟೆಯ ಪ್ರಶ್ನೆಯೂ ಹೌದು. ಕಾಡಿನಲ್ಲಿ ಗೆಣಸು, ಜೇನು, ಕಳಲೆ, ಅಣಬೆ, ಹತ್ತಾರು ಬಗೆಯ ಸೊಪ್ಪು, ಹೊಳೆಯ ಮೀನು, ಏಡಿ ಇದ್ದವು. ಹೊರಗೆ ಬಂದ ಮೇಲೆ ಕೂಲಿ, ಕೂಲಿ ದುಡ್ಡಿಗೆ ಸಿಕ್ಕಷ್ಟು ಅಕ್ಕಿ. ಹೊಟ್ಟೆ ತುಂಬಿದರೂ ಮೈಗೆ ಬೇಕಾದದ್ದು ಸಿಗಲಿಲ್ಲ. ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗುವ ಅಪ್ಪ ಅವ್ವ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಆ ತಿಂಗಳುಗಳಲ್ಲಿ ಊರಿನ ಅಂಗನವಾಡಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಜಾಗ ಖಾಲಿ.

ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಚಿಕಿತ್ಸೆ ಶುರುಮಾಡಿ, ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ ನಡೆಸಿದರು. ಔಷಧಿಯ ಜೊತೆಗೆ ಶಾಲೆಯೂ ಬೇಕಾಯಿತು ಎನ್ನುವುದನ್ನು ಗಮನಿಸಿ. ಬಡತನದಿಂದ ಬಂದ ಕಾಯಿಲೆ ಮಾತ್ರೆಯೊಂದರಿಂದಲೇ ಹೋಗುವುದಿಲ್ಲ.

ಹೊಗೆಸೊಪ್ಪಿನ ಸೀಮೆಯಲ್ಲಿ

ಹುಣಸೂರು, ಪಿರಿಯಾಪಟ್ಟಣದ ಕಥೆ ಬೇರೆ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗಳು ಅನೇಕ ಮನೆಗಳಿಗೆ ದುಡ್ಡು ತಂದವು. ಆದರೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬೇಯಿಸುವ ಆಗಸ್ಟ್, ಸೆಪ್ಟೆಂಬರ್ ತಿಂಗಳು ಶಾಲೆಯ ತಿಂಗಳೂ ಹೌದು. ಬಡವರ ಮನೆಯಲ್ಲಿ ಮಕ್ಕಳ ಕೈಯೂ ಕೆಲಸಕ್ಕೆ ಬಂತು. ಒದ್ದೆ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕ ಮೈಗೆ ಸೇರುತ್ತದೆ. ತಲೆಸುತ್ತು, ವಾಂತಿ, ತಲೆನೋವು ಬರುತ್ತದೆ. ಮಗುವಿನ ಮೈ ಚಿಕ್ಕದು, ಹಾಗಾಗಿ ವಿಷ ಬೇಗ ಏರುತ್ತದೆ. 'ಬಿಸಿಲಿಗೆ ಹಿಂಗಾಯ್ತು' ಅಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ತಟ್ಟೆಗೆ ಬಂದ ಊಟ

ಶಾಲೆಯಲ್ಲಿ ಕೊಡುತ್ತಿದ್ದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅದು ವಿದೇಶಿ ನೆರವಿನದು. ದಿನವೂ ಬಿಸಿಯೂಟ ಮಕ್ಕಳ ಹಕ್ಕಾಗಿದ್ದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ. ಅಕ್ಷರ ದಾಸೋಹ ಮೊದಲು ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ನಮ್ಮ ಕಡೆಗೂ ಬಂತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಬಂದು, ಬಸುರಿ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿ ಊಟ ಸಿಕ್ಕಿತು.

ಮಿಷನ್ ಆಸ್ಪತ್ರೆಯ ಪುಸ್ತಕವನ್ನು ನೆನಪಿಟ್ಟುಕೊಂಡು ನೋಡಿದರೆ ಇವುಗಳಲ್ಲಿ ದೊಡ್ಡದು ಮಾತೃಪೂರ್ಣ. ಕೂಸಿನ ತೂಕ ತಾಯಿಯ ತೂಕದಿಂದ ಶುರುವಾಗುತ್ತದೆ. ಇಂದು ಅರೆಹೊಟ್ಟೆಯಲ್ಲಿ ಬೆಳೆದು, ಹದಿನೆಂಟು ತುಂಬುವ ಮೊದಲೇ ಮದುವೆಯಾಗುವ ಹುಡುಗಿಯ ಮಗು ನಾಳೆ ಎರಡು ಕೆ.ಜಿ.ಗೆ ಹುಟ್ಟಿದರೆ ಆಶ್ಚರ್ಯವಿಲ್ಲ. ಹಾಡಿಯಿಂದ ಅಂಗನವಾಡಿ ದೂರವಿದ್ದರೆ ತುಂಬು ಬಸುರಿ ದಿನಾ ಊಟಕ್ಕೆ ನಡೆದು ಬರುವುದೂ ಆಗದ ಮಾತು. ಯೋಜನೆ ಬಂದರೆ ಸಾಲದು, ಅದು ಆಕೆಯ ಕೈಗೆಟುಕಬೇಕು.

ನಿಮ್ಮೂರಿನ ಪುಸ್ತಕ

ನಿಮ್ಮೂರಿನ ಅಂಗನವಾಡಿಯಲ್ಲಿ ಈಗ ತಕ್ಕಡಿಯೂ ಇದೆ, ಪುಸ್ತಕವೂ ಇದೆ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಇರುತ್ತದೆ. ಆ ಗೆರೆ ಮೇಲೆ ಹೋಗುತ್ತಿದೆಯೇ, ಅಡ್ಡಡ್ಡ ಹೋಗುತ್ತಿದೆಯೇ ನೋಡಿ. ಚೆನ್ನಾಗಿ ಬೆಳೆಯುವ ಕೂಸು ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತಡ ಮಾಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವಂತೆ ಕೇಳಿ.

ಗ್ರಾಮಸಭೆಯಲ್ಲಿ ಚರಂಡಿ, ರಸ್ತೆಯ ಲೆಕ್ಕ ಕೇಳುವ ಹಾಗೆ ಇದನ್ನೂ ಕೇಳಬಹುದು: ನಮ್ಮೂರಲ್ಲಿ ಕಡಿಮೆ ತೂಕದ ಮಕ್ಕಳು ಎಷ್ಟು? ಯಾವ ಮಕ್ಕಳನ್ನು ಈ ತಿಂಗಳು ತೂಗಿಯೇ ಇಲ್ಲ? ಮೊದಲನೆಯದಕ್ಕಿಂತ ಎರಡನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ. ಹಸಿವು ಹೆಚ್ಚು ಇರುವುದು ಸಾಮಾನ್ಯವಾಗಿ ಪುಸ್ತಕಕ್ಕೆ ಬಾರದ ಮನೆಗಳಲ್ಲೇ.