ದಂಡಿನೊಡನೆ ಬಂದ ಕುಂಚ

ಹಳೆಯ ಊರೊಂದಕ್ಕೆ ಪ್ರಯಾಣಮಾಡಿ, ಬಯಲಿನಲ್ಲಿಯೇ ಕುಳಿತು, ಎದುರಿನ ಕೋಟೆಕೊತ್ತಲಗಳನ್ನು ಜಲವರ್ಣದಲ್ಲಿ ಕಾಗದಕ್ಕಿಳಿಸುವ ಪಾಶ್ಚಾತ್ಯ ಕಲೆಯು ಮೈಸೂರು ಸೀಮೆಗೆ ದಂಡಿನ ಬೆನ್ನಿಗೇ ಬಂದಿತು. 1791ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೈನ್ಯದೊಡನೆ ರಾಬರ್ಟ್ ಹೋಮ್ ಎಂಬ ವೃತ್ತಿನಿರತ ಚಿತ್ರಕಾರನಿದ್ದನು. ಜೇಮ್ಸ್ ಹಂಟರ್, ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಮೊದಲಾದ ಸೇನಾಧಿಕಾರಿಗಳೂ ಕುಂಚ ಹಿಡಿಯಬಲ್ಲವರಾಗಿದ್ದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗುಡ್ಡದ ಏರಿಳಿತವನ್ನೂ ಗೋಡೆಯ ಎತ್ತರವನ್ನೂ ಕಣ್ಣಳತೆಯಲ್ಲಿ ಗ್ರಹಿಸಿ ಬರೆದುಕೊಳ್ಳುವುದು ಫಿರಂಗಿದಳದವರಿಗೆ ಅವಶ್ಯವಾಗಿದ್ದುದರಿಂದ, ಇಂಗ್ಲೆಂಡಿನ ವೂಲಿಚ್ ಸೈನಿಕ ವಿದ್ಯಾಲಯದಲ್ಲಿ 1768ರಿಂದ ಪಾಲ್ ಸ್ಯಾಂಡ್‌ಬಿಯಂಥ ಶ್ರೇಷ್ಠ ನಿಸರ್ಗಚಿತ್ರಕಾರನೇ ರೇಖಾಭ್ಯಾಸವನ್ನು ಕಲಿಸುತ್ತಿದ್ದನು. ಅದೇ ಕಾಲಕ್ಕೆ ಲಂಡನ್ನಿನ ರೀವ್ಸ್ ಸಹೋದರರು ಬಣ್ಣದ ಬಿಲ್ಲೆಗಳನ್ನು ತಯಾರಿಸಿದರು. ಪುಡಿಯನ್ನು ಅರೆದು ಗೋಂದಿನಲ್ಲಿ ಕಲಸಿಕೊಳ್ಳಬೇಕಾಗಿದ್ದ ಚಿತ್ರಕಾರನು, ಒದ್ದೆ ಕುಂಚ ಸೋಕಿದೊಡನೆ ಕರಗುವ ಬಿಲ್ಲೆಗಳನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೊರಡುವಂತಾಯಿತು.

ಹೋಮನ ಮೈಸೂರು ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ಸ್ಥಳದಲ್ಲಿಯೇ ಬರೆದ ಹಂಟರನ ನಲವತ್ತು ಚಿತ್ರಗಳು 1805ರಲ್ಲಿ ಗ್ರಂಥರೂಪವನ್ನು ತಾಳಿದಾಗ ಆತನು ಬದುಕಿರಲಿಲ್ಲ. ಬೆಂಗಳೂರಿನ ಕೋಟೆಬಾಗಿಲು, ಅರಮನೆ, ಸೈಪ್ರಸ್ ಮರಗಳ ತೋಟ ಇವೆಲ್ಲ ಈ ಇಬ್ಬರ ಚಿತ್ರಗಳಲ್ಲಿ ಎಂಥ ಪ್ರಶಾಂತಿಯಲ್ಲಿ ನಿಂತಿವೆ! ಆ ಕೋಟೆಯಾದರೋ 1791ರ ಮಾರ್ಚ್ 21ರ ರಾತ್ರಿ ರಕ್ತಪಾತದ ನಡುವೆ ಶತ್ರುವಶವಾಗಿದ್ದಿತು. ಮರುವರ್ಷ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ, ದ್ವೀಪದ ಪೂರ್ವಭಾಗದ ಲಾಲ್‌ಬಾಗಿನಲ್ಲಿ ಸಾಲುಗಟ್ಟಿ ಬೆಳೆದಿದ್ದ ಸೈಪ್ರಸ್ ಮರಗಳನ್ನು ಸೈನಿಕರು ಕಡಿದು, ಮುತ್ತಿಗೆಯ ಕಂದಕ ದಿಬ್ಬಗಳಿಗೆ ಬೇಕಾದ ಹೊರೆಗಳನ್ನೂ ಬುಟ್ಟಿಗಳನ್ನೂ ಕಟ್ಟಿದರು. ಅಲ್ಲಿನ ಅರಮನೆಯಲ್ಲಿ ಗಾಯಾಳುಗಳನ್ನು ಮಲಗಿಸಿದರು. ಊರಿನ ಸೊಬಗನ್ನು ಉಳಿಸಿದ ಕೈಯೂ ಅದನ್ನು ಕೆಡಿಸಿದ ಕೈಯೂ ಒಂದೇ ಪಾಳೆಯದವಾಗಿದ್ದುವು ಎಂಬುದನ್ನು ನೆನೆದರೆ ಈ ಚಿತ್ರಗಳನ್ನು ನಿರಾತಂಕವಾಗಿ ಸವಿಯುವುದು ನನಗಂತೂ ಸಾಧ್ಯವಾಗದು.

ಅದೇ ಶ್ರೀರಂಗಪಟ್ಟಣದಲ್ಲಿ, 1784ರ ದರಿಯಾ ದೌಲತ್ ಅರಮನೆಯ ಭಿತ್ತಿಯ ಮೇಲೆ, ನಮ್ಮ ಚಿತ್ರಗಾರರು ಇಂಗ್ಲಿಷರ ಮೇಲೆ ಮೈಸೂರಿನವರು ಪಡೆದ ಪೊಳ್ಳಿಲೂರಿನ ವಿಜಯವನ್ನು ಬೇರೊಂದು ಕಣ್ಣಿನಿಂದ ಬರೆದಿದ್ದರು. ಅವರಿಗೆ ಎದುರಿನ ದೃಶ್ಯಕ್ಕಿಂತ ರಾಜನ ಪ್ರತಾಪವೇ ಮುಖ್ಯವಾಗಿತ್ತು. ಪರಕೀಯರ ಚಿತ್ರಗಳಲ್ಲಿ ಗೆದ್ದವನ ದೃಷ್ಟಿಯುಂಟು, ಸಂದೇಹವಿಲ್ಲ. ಆದರೂ ದಿಲ್ಲಿ ಬಾಗಿಲು ಮತ್ತು ಅದರ ಆಸುಪಾಸಿನ ಅಲ್ಪಭಾಗದ ಹೊರತು ಬೆಂಗಳೂರಿನ ಕೋಟೆ ಅಳಿದುಹೋಗಿರುವ ಇಂದು, ಅದರ ರೂಪಕ್ಕೆ ಇವಕ್ಕಿಂತ ಸಮೀಪದ ಸಾಕ್ಷಿ ದುರ್ಲಭ.

ನಮ್ಮ ವಸ್ತುಸಂಗ್ರಹಾಲಯಗಳು ಹೋಮ್ ಹಂಟರರ ಈ ಚಿತ್ರಗಳ ಪ್ರತಿಗಳನ್ನು ಆಯಾ ಸ್ಥಳಗಳಲ್ಲಿಯೇ ತೂಗಹಾಕಲಿ; ಶ್ರೀರಂಗಪಟ್ಟಣದ ನದೀತೀರದಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟು ಕುಳಿತುಕೊಳ್ಳುವ ಚಿತ್ರಕಲಾ ವಿದ್ಯಾರ್ಥಿಗಳು ಮೊದಲು ಇವನ್ನು ನೋಡಿ, ಅನಂತರ ಕುಂಚವನ್ನು ನೀರಿನಲ್ಲಿ ಅದ್ದಲಿ.