ಜಾಲ ಉಪಕರಣಗಳ ವಿದ್ಯುತ್ ಪೂರೈಕೆ ಘಟಕ: ವೈಫಲ್ಯದ ಪತ್ತೆ ಮತ್ತು ತಡೆ, ಪುಣೆಯ ಹಿನ್ನೆಲೆಯಲ್ಲಿ

ಸ್ವಿಚ್, ರೂಟರ್ ಮೊದಲಾದ ಜಾಲ ಉಪಕರಣಗಳ ವಿಶ್ವಾಸಾರ್ಹತೆಯ ಚರ್ಚೆ ಸಾಮಾನ್ಯವಾಗಿ ತಂತ್ರಾಂಶ ಮತ್ತು ಕೇಬಲುಗಳ ಸುತ್ತಲೇ ನಡೆಯುತ್ತದೆಯಾದರೂ, ಪ್ಲಗ್ಗಿನ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು ಉಪಕರಣಕ್ಕೆ ಬೇಕಾದ ಕಡಿಮೆ ವೋಲ್ಟಿನ ಡಿ.ಸಿ.ಯಾಗಿ ಮಾರ್ಪಡಿಸುವ ಘಟಕ, ಅಂದರೆ ಎಸ್‌ಎಂಪಿಎಸ್, ಕೆಟ್ಟರೆ ಉಳಿದೆಲ್ಲವೂ ಒಮ್ಮೆಗೇ ಸ್ತಬ್ಧವಾಗುತ್ತದೆ. ಇಂಥ ವೈಫಲ್ಯಗಳಲ್ಲಿ ಅನೇಕವು ಹಠಾತ್ತಾಗಿ ಒದಗುವುದಿಲ್ಲ. ಒಳಬರುವ ವೋಲ್ಟೇಜು, ಘಟಕದ ಉಷ್ಣತೆ ಮತ್ತು ಹೊರಬರುವ ಡಿ.ಸಿ. ಈ ಮೂರರ ದಾಖಲೆಗಳನ್ನು ಒಟ್ಟಿಗೆ ಓದಿದರೆ ಅವುಗಳನ್ನು ಮುಂಚಿತವಾಗಿ ಗುರುತಿಸಬಹುದು, ಮತ್ತು ನಿಗಾ ಇಲ್ಲದ ಮೀಸಲು ವ್ಯವಸ್ಥೆಯು ವೈಫಲ್ಯವನ್ನು ಮುಂದೂಡುತ್ತದೆಯೇ ಹೊರತು ತಡೆಯುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

ಪುಣೆ ಈ ಅಧ್ಯಯನಕ್ಕೆ ತಕ್ಕ ನೆಲೆ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರನ್ನು ರೂಪಿಸಿದ್ದು ಇಲ್ಲಿಯೇ. ಹಿಂಜವಡಿ, ಖರಾಡಿಗಳ ಕಚೇರಿಗಳು ಹಗಲಿರುಳೂ ಜಾಲವನ್ನೇ ನಂಬಿವೆ. ಮಹಾರಾಷ್ಟ್ರ ತೀವ್ರ ವಿದ್ಯುತ್ ಕೊರತೆಯಲ್ಲಿದ್ದ 2006ರಲ್ಲಿ ಕೈಗಾರಿಕೆಗಳ ಸ್ವಂತ ಜನರೇಟರುಗಳ ನೆರವಿನಿಂದ ನಗರದ ಲೋಡ್ ಶೆಡ್ಡಿಂಗ್ ತಪ್ಪಿಸಿದ ಪ್ರಯೋಗವೂ ಇಲ್ಲಿ ನಡೆಯಿತು. ಆದರೆ ವಿದ್ಯುತ್ ಇದೆಯೇ ಎಂಬ ಪ್ರಶ್ನೆ ಬಗೆಹರಿದ ಮೇಲೂ ಅದರ ಗುಣಮಟ್ಟ ಎಂಥದ್ದು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

1956ರ ಭಾರತೀಯ ವಿದ್ಯುತ್ ನಿಯಮಗಳು ಬಳಕೆದಾರರಿಗೆ ಒದಗುವ ಕೆಳ ವೋಲ್ಟೇಜಿನಲ್ಲಿ ಶೇ 6ರಷ್ಟು ಏರಿಳಿತವನ್ನು ಮಾತ್ರ ಒಪ್ಪಿದ್ದವು. 230 ವೋಲ್ಟಿಗೆ ಅನ್ವಯಿಸಿದರೆ ಇದು ಸುಮಾರು 216ರಿಂದ 244 ವೋಲ್ಟಿನ ವ್ಯಾಪ್ತಿ. ವಾಸ್ತವದಲ್ಲಿ ಪ್ಲಗ್ಗಿಗೆ ಬರುವುದೇನು ಎಂಬುದನ್ನು ಅಳೆಯಲು ಪುಣೆಯ ಪ್ರಯಾಸ್ ಎನರ್ಜಿ ಗ್ರೂಪ್ ರೂಪಿಸಿದ ಯೋಜನೆಯಲ್ಲಿ, ಬಳಕೆದಾರರ ಪ್ಲಗ್ಗಿಗೇ ಜೋಡಿಸಿದ ಸಣ್ಣ ಸಾಧನವು ನಿಮಿಷ ನಿಮಿಷದ ವೋಲ್ಟೇಜನ್ನು ದಾಖಲಿಸಿ ಮೊಬೈಲ್ ಜಾಲದ ಮೂಲಕ ಕೇಂದ್ರ ಸರ್ವರಿಗೆ ಕಳುಹಿಸುತ್ತಿತ್ತು. ನಿಮಿಷಕ್ಕೊಂದು ಅಳತೆಯಲ್ಲಿ ಕ್ಷಣಾರ್ಧದ ಕುಸಿತಗಳು ಸಿಗುವುದಿಲ್ಲವಾದರೂ, ದಿನದ ಯಾವ ಹೊತ್ತಿನಲ್ಲಿ ವೋಲ್ಟೇಜು ಎತ್ತ ಜಾರುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಮೂರು ಫೇಸಿನ ಜೋಡಣೆಯಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ಕಡಿಮೆ ಲೋಡಿನ ಫೇಸಿನಲ್ಲಿ ವೋಲ್ಟೇಜು 400ರ ಸಮೀಪಕ್ಕೂ ಏರಬಲ್ಲದು. 100ರಿಂದ 240 ವೋಲ್ಟಿಗೆ ರೂಪಿಸಿದ ಘಟಕಗಳು ಇದನ್ನು ತಾಳಲಾರವು. ಸಿಡಿಲಿನ ಕ್ಷಣಿಕ ಆಘಾತಕ್ಕೆಂದು ಅಳವಡಿಸುವ ಸರ್ಜ್ ರಕ್ಷಕಗಳೂ ನಿಮಿಷಗಟ್ಟಲೆ ಇರುವ ಅಧಿಕ ವೋಲ್ಟೇಜಿನ ಮುಂದೆ ಸಾಲದೆ ಹೋಗುವುದರಿಂದ, ಮಿತಿ ಮೀರಿದೊಡನೆ ಸಂಪರ್ಕ ಕಡಿಯುವ ರಿಲೇ ಅಗತ್ಯ.

ಘಟಕದ ಒಳಗೆ ಮೊದಲು ಸವೆಯುವ ಭಾಗಗಳೆಂದರೆ ಫ್ಯಾನ್ ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ವಿದ್ಯುದಾವೇಶವನ್ನು ಹಿಡಿದಿಟ್ಟು ಏರಿಳಿತವನ್ನು ಸಮಗೊಳಿಸುವ ಈ ಕೆಪಾಸಿಟರಿನೊಳಗಿನ ದ್ರವ ಶಾಖಕ್ಕೆ ನಿಧಾನವಾಗಿ ಆರುತ್ತ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್ ಈ ಲೆಕ್ಕದಂತೆ 65 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೆ ತುಸು ಹೆಚ್ಚು ಬಾಳಿದರೆ, 55 ಡಿಗ್ರಿಯಲ್ಲಿ ಏಳು ವರ್ಷಕ್ಕೂ ಮೀರಿ ಬಾಳುತ್ತದೆ. ಏಪ್ರಿಲ್-ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವ ಪುಣೆಯಲ್ಲಿ, ಮೆಟ್ಟಿಲ ಕೆಳಗಿನ ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟ ಸ್ವಿಚ್ ಹವಾನಿಯಂತ್ರಿತ ಕೋಣೆಯದಕ್ಕಿಂತ ಬೇಗ ಕೆಡುವುದು ಈ ಕಾರಣದಿಂದಲೇ.

ಪತ್ತೆಯ ಸೂಕ್ಷ್ಮ ಕುರುಹು ಇಲ್ಲಿಯೇ ದೊರೆಯುತ್ತದೆ. ವಿದ್ಯುತ್ ಕ್ಷಣಕಾಲ ತಪ್ಪಿದಾಗ ಕೆಪಾಸಿಟರಿನಲ್ಲಿರುವ ಶಕ್ತಿಯಿಂದ ಆರೋಗ್ಯವಂತ ಘಟಕವು ಸಾಮಾನ್ಯವಾಗಿ ಒಂದು ಆವರ್ತದಷ್ಟು, ಅಂದರೆ 20 ಮಿಲಿಸೆಕೆಂಡಿನ ಆಸುಪಾಸು, ನಡೆಯಬಲ್ಲದು. ಕೆಪಾಸಿಟರ್ ಸೊರಗಿದಂತೆ ಈ ಅವಧಿ ಕುಗ್ಗುತ್ತದೆ. ಆದ್ದರಿಂದ ಒಂದೇ ವಿದ್ಯುತ್ ಲೈನಿನಲ್ಲಿರುವ ಒಂದೇ ಬಗೆಯ ಹಲವು ಸ್ವಿಚ್‌ಗಳ ಪೈಕಿ ಒಂದು ಮಾತ್ರ ಮತ್ತೆ ಮತ್ತೆ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ, ತಂತ್ರಾಂಶವನ್ನು ಶಂಕಿಸುವ ಮೊದಲು ಅದರ ವಿದ್ಯುತ್ ಘಟಕವನ್ನು ಪರೀಕ್ಷಿಸುವುದು ಯುಕ್ತ. ಉಪಕರಣದ ಸ್ಥಿತಿಯನ್ನು ದೂರದಿಂದ ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಎಂಬ ವಿಧಾನದಿಂದ ರೀಸ್ಟಾರ್ಟ್ ಆದ ಹೊತ್ತು ಸಿಗುತ್ತದೆ; ಸಂವೇದಕಗಳಿರುವ ಉಪಕರಣಗಳಲ್ಲಿ ಉಷ್ಣತೆ, ಫ್ಯಾನಿನ ವೇಗ ಮತ್ತು ವೋಲ್ಟೇಜುಗಳೂ ಸಿಗುತ್ತವೆ. ಕೆಲವು ಫೈಬರ್ ಉಪಕರಣಗಳು ವಿದ್ಯುತ್ ಹೋದಾಗ ಉಳಿದ ಶಕ್ತಿಯಲ್ಲೇ 'ಡೈಯಿಂಗ್ ಗ್ಯಾಸ್ಪ್' ಎಂಬ ಕೊನೆಯ ಸಂದೇಶವನ್ನು ಕಳುಹಿಸುವುದರಿಂದ, ಕಡಿದದ್ದು ಕೇಬಲ್ಲೋ ಹೋದದ್ದು ವಿದ್ಯುತ್ತೋ ಎಂಬುದು ಕೇಂದ್ರಕ್ಕೆ ಕೂಡಲೇ ತಿಳಿಯುತ್ತದೆ.

ಮುಖ್ಯ ಉಪಕರಣಗಳಲ್ಲಿ ಎರಡು ಘಟಕಗಳನ್ನಿಟ್ಟು ಒಂದು ಕೆಟ್ಟರೆ ಇನ್ನೊಂದು ಹೊರೆ ಹೊರುವಂತೆ ಮಾಡುವುದು ರೂಢಿ. ಎರಡನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿದರೆ, ಅಥವಾ ಒಟ್ಟು ಹೊರೆ ಒಂದರ ಸಾಮರ್ಥ್ಯವನ್ನು ಮೀರಿದರೆ, ಆ ಮೀಸಲು ಹೆಸರಿಗಷ್ಟೇ. ಅದಕ್ಕಿಂತ ಅಪಾಯಕಾರಿಯಾದುದು ಮೊದಲ ಘಟಕ ಕೆಟ್ಟರೂ ಸೇವೆಗೆ ಅಡ್ಡಿಯಾಗದ ಕಾರಣ ಯಾರ ಗಮನಕ್ಕೂ ಬಾರದಿರುವ ಸ್ಥಿತಿ. ಎಚ್ಚರಿಕೆಯ ಸಂದೇಶ ಒಬ್ಬ ಹೊಣೆಗಾರನನ್ನು ತಲುಪದಿದ್ದರೆ ಎರಡನೆಯದು ಕೆಟ್ಟ ದಿನವೇ ಮೊದಲನೆಯದರ ಕಥೆಯೂ ತಿಳಿಯುತ್ತದೆ.

ಪುಣೆಯಿಂದ ಸುಮಾರು 80 ಕಿ.ಮೀ. ದೂರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕವು ಈ ಸಮಸ್ಯೆಯ ಮತ್ತೊಂದು ಮುಖವನ್ನು ತೋರಿಸುತ್ತದೆ. ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳು ಸುಮಾರು 25 ಕಿ.ಮೀ. ಹರವಿನಲ್ಲಿ ಫೈಬರ್ ಕೇಬಲುಗಳಿಂದ ಕೇಂದ್ರಕ್ಕೆ ಜೋಡಣೆಗೊಂಡಿರುವ ಅಲ್ಲಿ, ಎಸ್‌ಎಂಪಿಎಸ್ ಹೊಮ್ಮಿಸುವ ರೇಡಿಯೊ ಗದ್ದಲವೂ ವಿದ್ಯುತ್ ಲೈನುಗಳ ಸಡಿಲ ಜೋಡಣೆಯಲ್ಲಿ ಹಾರುವ ಕಿಡಿಗಳೂ ಆಕಾಶದಿಂದ ಬರುವ ದುರ್ಬಲ ಸಂಕೇತಗಳನ್ನು ಮುಚ್ಚಿಹಾಕಬಲ್ಲವು. ಘಟಕ ಕೆಲಸ ಮಾಡುತ್ತಿದೆಯೆಂದ ಮಾತ್ರಕ್ಕೆ ಅದು ದೋಷರಹಿತವೆನ್ನಲಾಗದು ಎಂಬುದಕ್ಕೆ ಇದು ಬಲವಾದ ಪುರಾವೆ.

ಆದ್ದರಿಂದ ಪ್ರತಿ ಸಂಸ್ಥೆಯೂ ಘಟಕಗಳ ವಯಸ್ಸು, ಅವು ಇರುವೆಡೆಯ ಉಷ್ಣತೆ ಮತ್ತು ರೀಸ್ಟಾರ್ಟ್‌ಗಳ ದಾಖಲೆಯನ್ನು ಪ್ಲಗ್ಗಿನ ವೋಲ್ಟೇಜಿನ ದಾಖಲೆಯೊಂದಿಗೆ ಹೋಲಿಸುವುದು, ಬೇಸಿಗೆಗೆ ಮುನ್ನ ಧೂಳು ತೆಗೆದು ಫ್ಯಾನ್ ಪರೀಕ್ಷಿಸುವುದು, ಮೀಸಲು ಘಟಕವನ್ನು ಯೋಜಿತ ವೇಳೆಯಲ್ಲಿ ಒಂಟಿಯಾಗಿ ಓಡಿಸಿ ನೋಡುವುದು ಅವಶ್ಯ. ಇವುಗಳಿಗೆ ಬೇಕಾದ ಸಾಧನಗಳಲ್ಲಿ ಹೆಚ್ಚಿನವು ಈಗಾಗಲೇ ಉಪಕರಣಗಳೊಳಗೇ ಇವೆ. ಇಂಥ ದಾಖಲೆಗಳನ್ನು ಪುಣೆಯ ಕಾಲೇಜುಗಳೂ ಸಂಶೋಧನ ಸಂಸ್ಥೆಗಳೂ ಪರಸ್ಪರ ಹಂಚಿಕೊಂಡರೆ, ಯಾವ ಘಟಕವನ್ನು ಎಷ್ಟು ವರ್ಷಕ್ಕೆ ಬದಲಿಸಬೇಕೆಂಬುದನ್ನು ತಯಾರಕರ ಕೈಪಿಡಿಯಷ್ಟರಿಂದಲೇ ಅಲ್ಲದೆ ಇಲ್ಲಿನ ಬಿಸಿಲು, ಧೂಳು ಮತ್ತು ವೋಲ್ಟೇಜಿನ ಆಧಾರದ ಮೇಲೆ ನಿರ್ಧರಿಸಲು ಸಾಧ್ಯವಾಗುತ್ತದೆ.